ನಾಯಿ, ಬಾಡಿಗೆ ಮನೆ ಮತ್ತು ಒಂದು ಪತ್ರ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ನಾಯಿ ಇಟ್ಟುಕೊಂಡು ಬಾಡಿಗೆ ಮನೆ ಹುಡುಕುವುದು ಸುಲಭದ ಮಾತಲ್ಲ. ಕೆಲವು ಕಡೆ ನಾಯಿ ಅಂದ ತಕ್ಷಣ ಮಾತು ಮುಗಿಯುತ್ತದೆ. ಒಪ್ಪಿದವರು ಮೊದಲು ಪೆಟ್ ಡೆಪಾಸಿಟ್ ಕೇಳುತ್ತಾರೆ, ಆಮೇಲೆ ತಿಂಗಳು ತಿಂಗಳೂ ಪೆಟ್ ರೆಂಟ್. ಇಷ್ಟು ಪೌಂಡಿಗಿಂತ ಜಾಸ್ತಿ ತೂಕ ಇರಬಾರದು, ಇಂಥಿಂಥ ತಳಿ ಆಗುವುದಿಲ್ಲ ಅನ್ನುವ ಪಟ್ಟಿ ಬೇರೆ. ಹಾಗಾಗಿ ಇಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಇಎಸ್‌ಎ ಲೆಟರ್ ಬೇಗ ಕೊಡೋರು ಯಾರಾದ್ರೂ ಗೊತ್ತಾ?"

ಇಎಸ್‌ಎ ಅಂದರೆ ಎಮೋಷನಲ್ ಸಪೋರ್ಟ್ ಅನಿಮಲ್. ಮನಸ್ಸಿನ ಕಾಯಿಲೆಯಿಂದ ಬಳಲುವವರಿಗೆ ಜೊತೆಯಲ್ಲಿದ್ದೇ ಆಸರೆ ಕೊಡುವ ಪ್ರಾಣಿ. ಅಂಥ ಪ್ರಾಣಿ ಇವರಿಗೆ ಬೇಕು ಅಂತ ವೈದ್ಯರೋ ಥೆರಪಿಸ್ಟೋ ಬರೆದುಕೊಡುವ ಪತ್ರವೇ ಇಎಸ್‌ಎ ಲೆಟರ್. ಅದಿದ್ದರೆ ನಾಯಿ ಬೇಡ ಅನ್ನುವ ಓನರೂ ಸಾಮಾನ್ಯವಾಗಿ ಒಪ್ಪಬೇಕಾಗುತ್ತದೆ. ಈ ಪ್ರಶ್ನೆ ಕೇಳುವವರಲ್ಲಿ ಪೆಟ್ ರೆಂಟ್ ಉಳಿಸಬೇಕು ಅನ್ನುವವರು ಇದ್ದಾರೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಗೋಡೆ ನೋಡುತ್ತಾ ಕೂರುವವರೂ ಇದ್ದಾರೆ. ಪ್ರಶ್ನೆ ಒಂದೇ ಥರ ಇರುವುದರಿಂದ ಯಾರು ಯಾವ ಕಡೆಯವರು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಾನು ಇದನ್ನು ಬರೆಯುತ್ತಿರುವುದು ಎರಡನೆಯವರಿಗಾಗಿ. ಅವರಿಗೆ ಬೇಕಾದದ್ದು ಬೇಗ ಸಿಗುವ ಕಾಗದ ಅಲ್ಲ ಅನ್ನುವುದು ನನ್ನ ನಂಬಿಕೆ.

ಅಮೆರಿಕದ ಕಾನೂನಿನಲ್ಲಿ ಇದು ಎಲ್ಲಿಂದ ಬಂತು ಅಂತ ಮೊದಲು ಹೇಳಿಬಿಡುತ್ತೇನೆ. 1968ರಲ್ಲಿ ಫೇರ್ ಹೌಸಿಂಗ್ ಆ್ಯಕ್ಟ್ ಬಂತು. ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಿ ಮನೆ ಕೊಡುವುದಿಲ್ಲ ಅನ್ನಬಾರದು ಅಂತ ಹೇಳಿದ ಕಾಯ್ದೆ ಅದು. 1988ರ ತಿದ್ದುಪಡಿಯಲ್ಲಿ ಅಂಗವೈಕಲ್ಯವೂ ಸೇರಿತು. ಅಂಗವೈಕಲ್ಯ ಅಂದರೆ ಬರೀ ಕಣ್ಣು, ಕಿವಿ, ಕಾಲಿನ ತೊಂದರೆ ಅಂತ ಅಲ್ಲ. ನಿದ್ದೆ, ಕೆಲಸ, ಯೋಚನೆ, ಜನರೊಂದಿಗೆ ಒಡನಾಟ ಇಂಥ ದಿನನಿತ್ಯದ ಬದುಕನ್ನು ಗಟ್ಟಿಯಾಗಿ ಕಟ್ಟಿಹಾಕುವ ಮನಸ್ಸಿನ ಕಾಯಿಲೆಯೂ ಅದರೊಳಗೆ ಬರುತ್ತದೆ. ಅಂಥವರಿಗೆ ಮನೆಯಲ್ಲಿ ಬದುಕಲು ಒಂದು ಪ್ರಾಣಿ ನಿಜಕ್ಕೂ ಬೇಕಿದ್ದರೆ, ಓನರ್ ತನ್ನ 'ನಾಯಿ ಬೇಡ' ಅನ್ನುವ ನಿಯಮವನ್ನು ಅವರ ಮಟ್ಟಿಗೆ ಸಡಿಲಿಸಬೇಕು. ಪೆಟ್ ರೆಂಟ್, ಪೆಟ್ ಡೆಪಾಸಿಟ್ ಕೇಳುವ ಹಾಗಿಲ್ಲ. ಯಾಕೆಂದರೆ ಕಾನೂನಿನ ಕಣ್ಣಲ್ಲಿ ಅದು ಪೆಟ್ ಅಲ್ಲ. ನಾಯಿ ಕಾರ್ಪೆಟ್ ಹರಿದರೆ, ಬಾಗಿಲು ಕೆರೆದರೆ ಅದರ ಖರ್ಚನ್ನು ಮಾತ್ರ ನಾವೇ ಕೊಡಬೇಕು. ಅದು ನ್ಯಾಯವೂ ಹೌದು.

ಅರ್ಹತೆಗೆ ಬೇಕಾಗಿರುವುದು ಎರಡೇ. ಬದುಕಿಗೆ ಅಡ್ಡಿಯಾಗುವಷ್ಟು ತೊಂದರೆ ಇರಬೇಕು. ಆ ಪ್ರಾಣಿಯಿಂದ ಆ ತೊಂದರೆಗೆ ಏನೋ ಒಂದು ಪರಿಹಾರ ಸಿಗುತ್ತಿರಬೇಕು. ನಾಯಿ ಮೇಲೆ ಪ್ರೀತಿ ಇದೆ ಅಂದರೆ ಸಾಲದು. ಇವೆರಡಕ್ಕೂ ಸಂಬಂಧ ಇದೆ ಅಂತ ನಿಮ್ಮನ್ನು ಬಲ್ಲ ವೈದ್ಯರೋ ಥೆರಪಿಸ್ಟೋ ಹೇಳಬೇಕು. ಇಡೀ ವಿಷಯ ನಿಂತಿರುವುದೇ ಈ 'ನಿಮ್ಮನ್ನು ಬಲ್ಲ' ಅನ್ನುವುದರ ಮೇಲೆ.

ನನಗೆ ಇದು ಹತ್ತಿರದಿಂದ ಗೊತ್ತಾದದ್ದು ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗಿಯಿಂದ. ಅರಸೀಕೆರೆ ಕಡೆಯವಳು. ಇಲ್ಲೇ ಓದಿ, ಇಲ್ಲೇ ಕೆಲಸಕ್ಕೆ ಸೇರಿ, ಎಚ್-1ಬಿ ಅನ್ನುವ ಕೆಲಸದ ವೀಸಾದ ಮೇಲೆ ಇದ್ದಳು. 2023ರಲ್ಲಿ ಕಂಪನಿಗಳು ಸಾಲುಸಾಲಾಗಿ ಜನರನ್ನು ತೆಗೆದಾಗ ಇವಳ ಹೆಸರೂ ಬಂತು. ಎಚ್-1ಬಿ ಇರುವವರಿಗೆ ಕೆಲಸ ಹೋದರೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಊರಲ್ಲಿ ಅಪ್ಪನ ಹೆಸರಲ್ಲಿ ಓದಿನ ಸಾಲ. ಕೊನೆ ಗಳಿಗೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಎಲ್ಲರೂ ಸಮಾಧಾನಪಟ್ಟೆವು. ಕಷ್ಟ ನಿಜವಾಗಿ ಶುರುವಾದದ್ದು ಆಮೇಲೆ.

ಕೆಲಸ ಇತ್ತು, ಸಂಬಳ ಬರುತ್ತಿತ್ತು. ಆದರೆ ನಡುರಾತ್ರಿ ಎದ್ದು ಕೂರುತ್ತಿದ್ದಳು. ಎದೆ ಡವಡವ ಅನ್ನುತ್ತಿತ್ತು, ಕೈ ತಣ್ಣಗಾಗುತ್ತಿತ್ತು. ಆಫೀಸಿನಿಂದ ಒಂದು ಮೀಟಿಂಗ್ ಕರೆ ಬಂದರೂ ಸಾಕು, ಮತ್ತೆ ತೆಗೆಯುತ್ತಾರೆ ಅಂತ ಹೊಟ್ಟೆ ತೊಳಸುತ್ತಿತ್ತು. ಅಡುಗೆ ನಿಂತಿತು. ಮಧ್ಯಾಹ್ನವೂ ಕಿಟಕಿ ಪರದೆ ಎಳೆದೇ ಇರುತ್ತಿತ್ತು. ಒಮ್ಮೆ ಹುಳಿ ಮಾಡಿದ್ದೆ ಅಂತ ಡಬ್ಬಿಯಲ್ಲಿ ತೆಗೆದುಕೊಂಡು ಹೋದರೆ, ಹಿಂದಿನ ವಾರ ಕೊಟ್ಟ ಡಬ್ಬಿ ಮುಚ್ಚಳವೂ ತೆಗೆಯದೆ ಫ್ರಿಜ್ಜಿನಲ್ಲಿ ಹಾಗೇ ಇತ್ತು.

ಅವಳಿಗೆ ದಾರಿ ಕಂಡದ್ದು ಆಕಸ್ಮಿಕವಾಗಿ. ಸಹೋದ್ಯೋಗಿಯೊಬ್ಬರು ಊರಿಗೆ ಹೋಗುವಾಗ ತಮ್ಮ ನಾಯಿಯನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳಲು ಕೇಳಿದರು. ಸಂಕೋಚಕ್ಕೆ ಒಪ್ಪಿದಳು. ನಾಯಿಗೆ ಬೆಳಿಗ್ಗೆ ಹೊರಗೆ ಹೋಗಲೇಬೇಕು. ಅದು ಇವಳ ವೀಸಾ ಕೇಳುವುದಿಲ್ಲ, ಇವಳಿಗೆ ರಾತ್ರಿ ನಿದ್ದೆ ಬಂತೋ ಇಲ್ಲವೋ ನೋಡುವುದಿಲ್ಲ. ಬಾಗಿಲ ಹತ್ತಿರ ಹೋಗಿ ನಿಂತು ತಿರುಗಿ ನೋಡುತ್ತದೆ, ಅಷ್ಟೆ. ಹಾಗೆ ಇವಳು ಫ್ರೀಮಾಂಟಿನ ಲೇಕ್ ಎಲಿಜಬೆತ್ ಸುತ್ತ ನಡೆಯತೊಡಗಿದಳು. ನಾಯಿ ಜೊತೆಗಿದ್ದರೆ ಜನ ಮಾತಾಡಿಸುತ್ತಾರೆ. ದಿನಾ ಬರುವ ಒಬ್ಬ ಪಂಜಾಬಿ ತಾತ ನಾಯಿಯ ಹೆಸರು ಕೇಳಿದ ಮೇಲೆ ಇವಳ ಹೆಸರನ್ನೂ ಕೇಳಿದರಂತೆ. ನನಗೆ ಇದನ್ನು ಹೇಳುವಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಕಳೆ ಇತ್ತು.

"ಅಕ್ಕಾ, ಆನ್‌ಲೈನಲ್ಲಿ ಹತ್ತು ನಿಮಿಷಕ್ಕೆ ಲೆಟರ್ ಕೊಡ್ತಾರಂತೆ. ತಗೊಂಡು ಶೆಲ್ಟರಿಂದ ಒಂದು ನಾಯಿ ತಂದ್ಬಿಡ್ಲಾ?" ಅಂದಳು. ನಮ್ಮ ಬಿಲ್ಡಿಂಗಿನಲ್ಲಿ ನಾಯಿ ಇಡುವಂತಿಲ್ಲ. "ಮೊದಲು ಒಬ್ಬ ಥೆರಪಿಸ್ಟ್ ಹತ್ರ ಹೋಗು, ನಾಯಿ ಆಮೇಲೆ" ಅಂದೆ. ಅವಳಿಗೆ ಬೇಜಾರಾಯಿತು. "ನನಗೆ ಹುಚ್ಚಾ ಅಕ್ಕಾ?" ಅಂತ ಕೇಳಿದಳು.

ನಮ್ಮವರು ಎಡವುವುದು ಇಲ್ಲೇ. ಹಲ್ಲು ನೋವಿಗೆ ಡಾಕ್ಟರ ಹತ್ತಿರ ಓಡುತ್ತೇವೆ. ಆರು ತಿಂಗಳು ನಿದ್ದೆ ಇಲ್ಲದಿದ್ದರೆ ಮಾತ್ರ ಸುಮ್ನೆ ಟೆನ್ಷನ್ ಅಂತೀವಿ. ಇಲ್ಲಿ ಇನ್ನೊಂದು ಭಯವೂ ಸೇರಿಕೊಂಡಿದೆ. ಥೆರಪಿಗೆ ಹೋದರೆ ದಾಖಲೆಗೆ ಸೇರುತ್ತದೆ, ಗ್ರೀನ್ ಕಾರ್ಡ್ ಕೈತಪ್ಪುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಯಲ್ಲಿ ಮನಸ್ಸಿನ ಆರೋಗ್ಯವನ್ನೂ ಕೇಳುತ್ತಾರೆ, ನಿಜ. ಆದರೆ ಅಲ್ಲಿ ಅಡ್ಡಿಯಾಗುವುದು ತನಗೋ ಇತರರಿಗೋ ಅಪಾಯ ತರುವಂಥ ನಡವಳಿಕೆ ಜೊತೆಗಿರುವ ಕಾಯಿಲೆ. ಆತಂಕಕ್ಕೆ ಥೆರಪಿ ತಗೊಂಡೆ ಅನ್ನುವ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಇದನ್ನು ನಾನು ಪ್ರತಿ ಸಲ ಒತ್ತಿ ಹೇಳುತ್ತೇನೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಜನ ವರ್ಷಗಟ್ಟಲೆ ಒಳಗೊಳಗೇ ಬೇಯುತ್ತಾರೆ.

ಆ ಹತ್ತು ನಿಮಿಷದ ಲೆಟರಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಇಎಸ್‌ಎಗೆ ಸರ್ಕಾರದ ರಿಜಿಸ್ಟ್ರಿ ಅನ್ನುವುದೇ ಇಲ್ಲ. ದುಡ್ಡು ಕೊಟ್ಟರೆ ನಿಮ್ಮ ನಾಯಿಯ ಫೋಟೊ ಹಾಕಿದ ಐಡಿ ಕಾರ್ಡ್, ಕೆಂಪು ಜಾಕೆಟ್, ಚಿನ್ನದ ಬಣ್ಣದ ಸೀಲು ಇರುವ ಸರ್ಟಿಫಿಕೇಟ್ ಎಲ್ಲ ಕಳಿಸುವ ಅಂಗಡಿಗಳಿವೆ. ಅದಕ್ಕೆ ಕಾನೂನಿನ ಬಲ ಸ್ವಲ್ಪವೂ ಇಲ್ಲ. ಕೇಂದ್ರದ ವಸತಿ ಇಲಾಖೆ ಹಡ್ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ, ಒಂದಷ್ಟು ಪ್ರಶ್ನೆಗೆ ಉತ್ತರ ತುಂಬಿ ದುಡ್ಡು ಕಟ್ಟಿದ ಯಾರಿಗೂ ಸಿಗುವ ಇಂಥ ಸರ್ಟಿಫಿಕೇಟ್ ಒಂದರಿಂದಲೇ ಏನೂ ಸಾಬೀತಾಗುವುದಿಲ್ಲ ಅಂತ ಹೇಳಿತ್ತು. ಸರ್ಕಾರ ಬದಲಾದಂತೆ ಮಾರ್ಗಸೂಚಿಗಳು ಬದಲಾಗುತ್ತವೆ. ಅರ್ಜಿ ಹಾಕುವ ಹೊತ್ತಿಗೆ ಈಗಿನದು ಏನು ಅಂತ ಒಮ್ಮೆ ನೋಡಿಕೊಳ್ಳಿ.

ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಬಿ 468 ಅನ್ನುವ ಕಾನೂನು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಇಎಸ್‌ಎ ನಾಯಿಗೆ ಪತ್ರ ಕೊಡುವವರಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಅದೂ ಪತ್ರ ಕೊಡುವ ರಾಜ್ಯದ ಲೈಸೆನ್ಸೇ ಆಗಿರಬೇಕು. ಪತ್ರಕ್ಕೆ ಮುಂಚೆ ಕನಿಷ್ಠ 30 ದಿನ ಅವರು ನಿಮ್ಮನ್ನು ನೋಡುತ್ತಿರಬೇಕು, ಸರಿಯಾಗಿ ತಪಾಸಣೆ ಮಾಡಿರಬೇಕು. ಇಎಸ್‌ಎ ನಾಯಿಯನ್ನು ಸರ್ವಿಸ್ ಡಾಗ್ (ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ನಾಯಿ) ಅಂತ ಸುಳ್ಳು ಹೇಳುವುದು ಅಪರಾಧ ಅಂತಲೂ ತಿಳಿಸಬೇಕು. ಈ 30 ದಿನದ ನಿಯಮ ಬಂದಾಗ, ನಿಜವಾಗಿ ಕಷ್ಟದಲ್ಲಿರುವವರಿಗೆ ಇದೊಂದು ಹೊಸ ಅಡ್ಡಿ ಅಂತ ಗೊಣಗಿದವರು ಬಹಳ. ಥೆರಪಿಸ್ಟ್ ಅಪಾಯಿಂಟ್‌ಮೆಂಟ್ ಸಿಗಲೇ ವಾರಗಳು ಬೇಕು, ಇನ್ಶೂರೆನ್ಸ್ ಇಲ್ಲದವರಿಗೆ ಇದು ದುಬಾರಿ ಅನ್ನುವ ದೂರಿನಲ್ಲಿ ಹುರುಳಿದೆ. ಆದರೂ ಆ ನಿಯಮ ಇರಲಿ ಅಂತಲೇ ನನಗನಿಸುತ್ತದೆ. ಒಂಟಿಯಾಗಿ ಮುದುಡಿ ಕೂತವರನ್ನು ಒಂದು ತಿಂಗಳು ಇನ್ನೊಬ್ಬ ಮನುಷ್ಯರ ಎದುರು ಕೂರಿಸಿ ಮಾತಾಡಿಸುವ ಕಾನೂನು ಬೇರೆ ಎಲ್ಲಿದೆ?

ಅವಳು ಕೊನೆಗೂ ಹೋದಳು. ವಿಡಿಯೊ ಕಾಲ್‌ನಲ್ಲೇ ಭೇಟಿ. ಪತ್ರದ ಮಾತನ್ನು ಮೊದಲ ದಿನವೇ ಎತ್ತಿದಳಂತೆ. ಥೆರಪಿಸ್ಟ್ ಬೇಡ ಅನ್ನಲಿಲ್ಲ, ಆಯಿತು ಅಂತಲೂ ಅನ್ನಲಿಲ್ಲ. ನಿದ್ದೆ ಯಾವಾಗಿಂದ ಕೆಟ್ಟಿದೆ, ಎದೆ ಹೊಡೆದುಕೊಳ್ಳುವಾಗ ಏನು ಮಾಡುತ್ತೀರಿ, ಆ ನಾಯಿ ಜೊತೆಗಿದ್ದಾಗ ಏನು ಬೇರೆಯಾಗಿತ್ತು ಅಂತ ಕೇಳಿದರಂತೆ. ಇವಳು ಹೇಳಿದ ಒಂದು ಮಾತು ನನಗೆ ನೆನಪಿದೆ. ರಾತ್ರಿ ಹೆದರಿಕೆ ಹತ್ತಿದಾಗ ಆ ನಾಯಿ ಎದ್ದು ಬಂದು ಗದ್ದವನ್ನು ಇವಳ ಪಾದದ ಮೇಲೆ ಇಡುತ್ತಿತ್ತು. ಅದರ ಉಸಿರು ಬೆರಳಿಗೆ ತಾಗುತ್ತಿತ್ತು. ಇವಳು ಅದರ ಉಸಿರನ್ನು ಎಣಿಸುತ್ತಿದ್ದಳು, ಎಣಿಸುತ್ತಾ ಎಣಿಸುತ್ತಾ ತನ್ನ ಉಸಿರೂ ಹದಕ್ಕೆ ಬರುತ್ತಿತ್ತು. ಥೆರಪಿಸ್ಟಿಗೆ ಬೇಕಾಗಿದ್ದದ್ದು ಇಂಥ ವಿವರ. ತೊಂದರೆಗೂ ಪ್ರಾಣಿಗೂ ಸಂಬಂಧ ತೋರಿಸಬೇಕು ಅಂತ ಕಾನೂನು ಕೇಳುವುದಕ್ಕೆ ಉತ್ತರ ಇದೇ ತಾನೆ?

ಪ್ರಾಣಿಗಳು ಮನಸ್ಸಿಗೆ ಒಳ್ಳೆಯದು ಅನ್ನುವುದು ಹೊಸ ಸಂಶೋಧನೆಯೇನಲ್ಲ. ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್, ತಮ್ಮ ಜಿಂಗಲ್ಸ್ ಅನ್ನುವ ನಾಯಿ ಕೋಣೆಯಲ್ಲಿದ್ದರೆ ಬಾಯಿ ಬಿಡದ ಮಕ್ಕಳೂ ಮಾತಾಡುತ್ತವೆ ಅಂತ 1960ರ ದಶಕದಲ್ಲೇ ಬರೆದಿದ್ದರು. ಆಗ ಅವರ ಜೊತೆಯವರು ನಕ್ಕಿದ್ದರು. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು, ನಾಯಿ ಮತ್ತು ಅದರ ಯಜಮಾನರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ ಅಂತ ತೋರಿಸಿದರು. ತಾಯಿ ಮಗುವನ್ನು ನೋಡುವಾಗ ಏರುವ ಹಾರ್ಮೋನ್ ಅದು. ಹಾಗಂತ ನಾಯಿಯೇ ಔಷಧಿ ಅನ್ನುವಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ನಾಯಿ ಬಂತು ಅಂತ ನಿಲ್ಲಿಸಬೇಡಿ.

ಆ ಪತ್ರ ಒಂದು ಪುಟದ್ದು. ಇವರು ನನ್ನ ಚಿಕಿತ್ಸೆಯಲ್ಲಿದ್ದಾರೆ, ದಿನನಿತ್ಯದ ಬದುಕಿಗೆ ಅಡ್ಡಿಯಾಗುವಂಥ ತೊಂದರೆ ಇದೆ, ಜೊತೆಗೆ ನಾಯಿ ಇದ್ದರೆ ಅದರ ಲಕ್ಷಣಗಳು ತಗ್ಗುತ್ತವೆ ಅಂತ ಅದರಲ್ಲಿತ್ತು. ಕೆಳಗೆ ಸಹಿ, ದಿನಾಂಕ, ಲೈಸೆನ್ಸ್ ನಂಬರ್. ಕಾಯಿಲೆಯ ಹೆಸರು ಇರಲಿಲ್ಲ. ಇರಬೇಕಾಗಿಯೂ ಇಲ್ಲ. ಲೀಸಿಂಗ್ ಆಫೀಸಿನಲ್ಲಿ ಮ್ಯಾನೇಜರ್ ಪತ್ರ ಓದಿ, "ನಿಮಗೆ ಏನು ಕಾಯಿಲೆ?" ಅಂತ ಕೇಳಿಯೇ ಬಿಟ್ಟರಂತೆ. ಅದನ್ನು ಹೇಳಬೇಕಾಗಿಲ್ಲ ಅಂತ ಥೆರಪಿಸ್ಟ್ ಮೊದಲೇ ತಿಳಿಸಿದ್ದರು. ಇವಳು ಹಾಗೇ ಹೇಳಿ ಸುಮ್ಮನಾದಳು. ಆಸ್ಪತ್ರೆ ದಾಖಲೆ ಕೇಳುವಂತಿಲ್ಲ. ತಳಿ, ತೂಕದ ಮಿತಿ ಹಾಕುವಂತಿಲ್ಲ. ಆ ನಾಯಿಯೇ ಯಾರನ್ನೋ ಕಚ್ಚಿದೆ, ಅದರಿಂದ ನಿಜವಾಗಿ ಅಪಾಯ ಇದೆ ಅಂತಾದರೆ ಬೇಡ ಅನ್ನಬಹುದು. ಓನರ್ ಅದೇ ಕಟ್ಟಡದಲ್ಲಿದ್ದು ಒಟ್ಟು ನಾಲ್ಕೋ ಅದಕ್ಕಿಂತ ಕಮ್ಮಿಯೋ ಮನೆಗಳಿರುವ ಕಡೆ ಕೇಂದ್ರದ ಕಾಯ್ದೆಯಲ್ಲಿ ವಿನಾಯಿತಿ ಇದೆ, ಅದೂ ಗೊತ್ತಿರಲಿ. ನಾಯಿಯನ್ನು ತರುವ ಮುಂಚೆಯೂ ಕೇಳಬಹುದು, ತಂದ ಮೇಲೂ ಕೇಳಬಹುದು. ಇವಳು ಮುಂಚೆಯೇ ಕೇಳಿದಳು. ಮಾತಾಡುವಾಗ ಧೈರ್ಯ ಇರುತ್ತದೆ ಅಂತ ಇರಬೇಕು. ಕೆಲವು ದಿನ ಕಾಯಿಸಿ ಒಪ್ಪಿಗೆ ಕೊಟ್ಟರು.

ಅರಸೀಕೆರೆಯಿಂದ ಅವಳ ಅಮ್ಮ ನನಗೆ ಫೋನ್ ಮಾಡಿದರು. "ನಾಯಿ ಸಾಕೋಕೂ ಡಾಕ್ಟರ್ ಚೀಟಿ ಬೇಕೇನಮ್ಮಾ ಅಲ್ಲಿ? ನಮ್ ಹಟ್ಟಿಲಿ ಎಷ್ಟು ನಾಯಿ ಬಂದ್ವು, ಹೋದ್ವು." ಆಂಟಿಗೆ ಏನು ಹೇಳುವುದು? ಅವಳು ಬೆಳೆದ ಮನೆಯಲ್ಲಿ ಹಸು ಇತ್ತು, ಎರಡು ನಾಯಿ ಇತ್ತು, ಪಡಸಾಲೆಯಲ್ಲಿ ಯಾವಾಗಲೂ ಯಾರಾದರೂ ಕೂತಿರುತ್ತಿದ್ದರು. ಇಲ್ಲಿ ಬಾಗಿಲು ಹಾಕಿಕೊಂಡರೆ ಮಾರನೇ ದಿನದವರೆಗೆ ಯಾರೂ ಇಲ್ಲ. "ಆಂಟಿ, ಅವಳಿಗೆ ರಾತ್ರಿ ತುಂಬಾ ಹೆದರಿಕೆ ಆಗ್ತಿತ್ತು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಮ್ಗೆ ಹೇಳ್ಲೇ ಇಲ್ವಲ್ಲಮ್ಮಾ" ಅಂದರು.

ಇಎಸ್‌ಎ ಪತ್ರ ಬಂದರೆ ನಾಯಿಯನ್ನು ಎಲ್ಲೆಲ್ಲೂ ಕರೆದುಕೊಂಡು ಹೋಗಬಹುದು ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಅದು ನಡೆಯುವುದು ಮನೆಯ ವಿಷಯದಲ್ಲಿ. ಹೋಟೆಲು, ದಿನಸಿ ಅಂಗಡಿ, ಥಿಯೇಟರಿಗೆ ಬೇರೆ ಕಾನೂನು ಇದೆ, ಎಡಿಎ ಅನ್ನುವ 1990ರ ಅಂಗವಿಕಲರ ಕಾಯ್ದೆ. ಅದು ಕೊಡುವ ಹಕ್ಕು ಸರ್ವಿಸ್ ಡಾಗ್‌ಗೆ. ಕಣ್ಣು ಕಾಣದವರಿಗೆ ದಾರಿ ತೋರಿಸುವುದು, ಫಿಟ್ಸ್ ಬಂದವರನ್ನು ಕಾಯುವುದು, ಪ್ಯಾನಿಕ್ ಬಂದಾಗ ಔಷಧಿ ತಂದುಕೊಡುವುದು, ಹೀಗೆ ಒಂದು ನಿಶ್ಚಿತ ಕೆಲಸಕ್ಕೆ ತರಬೇತಿ ಪಡೆದ ನಾಯಿ ಅದು. ಜೊತೆಯಲ್ಲಿದ್ದು ಸಮಾಧಾನ ಕೊಡುವುದನ್ನು ಆ ಕಾನೂನು ಕೆಲಸ ಅಂತ ಎಣಿಸುವುದಿಲ್ಲ. ವಿಮಾನದಲ್ಲಿ ಮೊದಲು ಇಎಸ್‌ಎಗೂ ಜಾಗ ಇತ್ತು. 2018ರಲ್ಲಿ ನ್ಯೂಜೆರ್ಸಿಯ ನ್ಯೂಆರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ಇಎಸ್‌ಎ ಅಂತ ನವಿಲು ತಂದದ್ದು ದೊಡ್ಡ ಸುದ್ದಿಯಾಯಿತು. ನಾಯಿಗಳು ಪ್ರಯಾಣಿಕರನ್ನು ಕಚ್ಚಿದ ಪ್ರಕರಣಗಳೂ ಬಂದವು. 2021ರ ಜನವರಿ 11ರಿಂದ ಹೊಸ ನಿಯಮ ಬಂತು. ಈಗ ಇಎಸ್‌ಎಯನ್ನು ವಿಮಾನದ ಕಂಪನಿ ಮಾಮೂಲಿ ಸಾಕುಪ್ರಾಣಿ ಅಂತಲೇ ನೋಡಬಹುದು.

ಸುಳ್ಳು ಹೇಳಿ ಕೆಂಪು ಜಾಕೆಟ್ ಹಾಕಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಕಿದ ನಾಯಿಯನ್ನು ಸರ್ವಿಸ್ ಡಾಗ್ ಅಂತ ಸುಳ್ಳು ಹೇಳಿದರೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ದಂಡಕ್ಕಿಂತ ದೊಡ್ಡ ಅನ್ಯಾಯ ಬೇರೆ ಇದೆ. ಸ್ಯಾನ್ ರಫೇಲಿನಲ್ಲಿ ಅಂಧರಿಗಾಗಿ ನಾಯಿಗಳನ್ನು ತಯಾರು ಮಾಡುವ ಹಳೆಯ ಸಂಸ್ಥೆಯಿದೆ. ಅಂಥ ಕಡೆ ತಿಂಗಳುಗಟ್ಟಲೆ ಕಲಿತ ನಾಯಿಯ ಮೇಲೆ ಅಂಗಡಿಯಲ್ಲಿ ಯಾರದೋ ತರಬೇತಿ ಇಲ್ಲದ ನಾಯಿ ಎಗರಿದರೆ, ಅದು ಬೆದರಿ ಮತ್ತೆ ಆ ಕೆಲಸಕ್ಕೆ ಬಾರದೇ ಹೋಗಬಹುದು. ಆಗ ಕಣ್ಣಿಲ್ಲದ ಆ ಮನುಷ್ಯರ ಗತಿ? ಸುಳ್ಳು ಪತ್ರಗಳು ಹೆಚ್ಚಾದಷ್ಟೂ ನಿಜವಾದ ಪತ್ರ ಹಿಡಿದು ಬಂದವರನ್ನೂ ಓನರುಗಳು ಅನುಮಾನದಿಂದ ನೋಡುತ್ತಾರೆ.

ಬೆಂಗಳೂರಿನಲ್ಲಿರುವ ಗೆಳತಿಯರು ಅಲ್ಲಿ ಇದು ನಡೆಯುತ್ತದಾ ಅಂತ ಕೇಳುತ್ತಾರೆ. ಭಾರತದ ಕಾನೂನಿನಲ್ಲಿ ಇಎಸ್‌ಎ ಅನ್ನುವ ವರ್ಗ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಸೇರಿದೆ, ಪ್ರಾಣಿಯ ಮಾತಿಲ್ಲ. ಆದರೆ ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ, ಲಿಫ್ಟಿಗೆ ಬಿಡುವುದಿಲ್ಲ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಹಾಗಾಗಿ ಅಲ್ಲಿ ಚೀಟಿಗಾಗಿ ಯಾರಿಗೂ ದುಡ್ಡು ಕೊಡಬೇಡಿ. ಮನಸ್ಸು ಸರಿಯಿಲ್ಲದಿದ್ದರೆ ನಿಮ್ಹಾನ್ಸ್ ಇದೆ. ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಬೇಕಿಲ್ಲ.

ನಾಯಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅದು ಜೀವ. ನಮ್ಮ ದುಃಖ ಹೊರುವುದಕ್ಕಾಗಿ ಹುಟ್ಟಿದ್ದಲ್ಲ. ಇಲ್ಲಿ ನಾಯಿಗೆ ರೇಬೀಸ್ ಲಸಿಕೆ ಕಡ್ಡಾಯ, ಲೈಸೆನ್ಸ್ ಮಾಡಿಸಬೇಕು, ವೆಟ್ ಖರ್ಚು ಕಮ್ಮಿ ಅಲ್ಲ. ಊರಿಗೆ ಹೋಗುವಾಗ ಯಾರ ಹತ್ತಿರ ಬಿಡುವುದು? ಹಾಸಿಗೆಯಿಂದ ಏಳಲೂ ಆಗದಷ್ಟು ಕುಗ್ಗಿದ ದಿನ ಅದನ್ನು ಹೊರಗೆ ಕರೆದೊಯ್ಯುವವರು ಯಾರು? ಥೆರಪಿಸ್ಟ್ ಅವಳಿಗೆ ಇದನ್ನೂ ಕೇಳಿದ್ದರು. ಅದಕ್ಕೇ ನಮ್ಮ ಮನೆಯ ಒಂದು ಕೊಕ್ಕೆಯಲ್ಲಿ ಈಗ ಆ ನಾಯಿಯ ಇನ್ನೊಂದು ಹಗ್ಗ ನೇತಾಡುತ್ತಿದೆ. ಶೆಲ್ಟರಿನಿಂದ ತಂದ ಕಂದು ಬಣ್ಣದ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದೆ. ಅವಳಿಗೆ ಆಗದ ದಿನ ನಾನು ಕರೆದುಕೊಂಡು ಹೋಗುತ್ತೇನೆ.

ಈಗ ಅವಳಿಗೆ ಸಿಯಾಟಲ್‌ಗೆ ವರ್ಗವಾಗಿದೆ. ಅಲ್ಲಿ ನೋಡಿರುವ ಮನೆಯಲ್ಲಿ ನಾಯಿಗೆ ಮೊದಲೇ ಅನುಮತಿ ಇದೆ, ಪೆಟ್ ರೆಂಟೂ ಇಲ್ಲ. ಪತ್ರ ಬೇಕಾಗಿಲ್ಲ. ಇಲ್ಲಿನ ಥೆರಪಿಸ್ಟಿಗೆ ವಾಷಿಂಗ್ಟನ್ ರಾಜ್ಯದ ಲೈಸೆನ್ಸ್ ಇಲ್ಲ, ಹಾಗಾಗಿ ಅವರ ಜೊತೆಗಿನ ಭೇಟಿ ಈ ತಿಂಗಳಿಗೆ ಮುಗಿಯುತ್ತದೆ. ಮೊನ್ನೆ ಪೆಟ್ಟಿಗೆಗಳಿಗೆ ಟೇಪ್ ಹಚ್ಚುತ್ತಾ, "ಅಕ್ಕಾ, ಸಿಯಾಟಲ್ಲಲ್ಲಿ ಕನ್ನಡ ಬರೋ ಥೆರಪಿಸ್ಟ್ ಯಾರಾದ್ರೂ ಇದಾರಾ, ಕೇಳಿ ನೋಡ್ತೀರಾ?" ಅಂದಳು. ಅಲ್ಲಿರುವ ಪರಿಚಯದವರನ್ನು ವಿಚಾರಿಸುತ್ತಿದ್ದೇನೆ.